ಕರಿಕಲ್ಲಿನ ಉತ್ತರ

ಮಳೆ ಬರಬಹುದಿತ್ತು. ಕಲ್ಲು ಕೊರೆಯುವ ಯಂತ್ರ ಕೈಕೊಡಬಹುದಿತ್ತು. ಹೊಲದ ಯಜಮಾನರು ನಮ್ಮನ್ನು ಒಳಗೆ ಬಿಡದೇ ಇರಬಹುದಿತ್ತು. ಅವರು ಬಿಟ್ಟರೂ ಅವರ ನಾಯಿ ಬಿಡದೇ ಇರಬಹುದಿತ್ತು. ಕಲ್ಲಿನ ಬಿರುಕಿನಲ್ಲಿ ಹಾವಿರಬಹುದಿತ್ತು. ಹಿಂದಿನ ದಿನ ಬೆಂಗೇರಿಯ ಮದುವೆಯಲ್ಲಿ ಉಂಡದ್ದು ಹೊಟ್ಟೆ ಕೆಡಿಸಬಹುದಿತ್ತು. ಬಗ್ಗಿದಲ್ಲೇ ಸೊಂಟ ಹಿಡಿಯಬಹುದಿತ್ತು. ಎಲ್ಲಕ್ಕೂ ನಾನು ತಯಾರಾಗಿದ್ದೆ: ಕೊಡೆ, ಕೋಲು, ಅಜವಾನದ ಪುಡಿ, ಅಂಗಿಯೊಳಗೆ ಸೊಂಟದ ಪಟ್ಟಿ. ಗೆಳೆಯ ನನ್ನ ಕಲ್ಲನ್ನು ಬೇಡವೆಂದರೆ ಏನು ಮಾಡುವುದು ಎಂಬುದಕ್ಕೆ ಮಾತ್ರ ಔಷಧವಿರಲಿಲ್ಲ.

ಗೆಳೆಯನೆಂದರೆ ಎಮ್ಮೆಸ್ಸಿಯಲ್ಲಿ ನನ್ನ ಪಕ್ಕ ಕೂತವನು, ಯಾವ ಕಲ್ಲು ಯಾವುದೆಂದು ನನ್ನನ್ನೇ ಕೇಳುತ್ತಿದ್ದವನು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನು ದೊಡ್ಡ ಪ್ರಯೋಗಾಲಯದ ವಿಜ್ಞಾನಿ. ನಾನು ಧಾರವಾಡದ ಕಾಲೇಜಿನಲ್ಲಿ ಅವೇ ಮಾದರಿ ಕಲ್ಲುಗಳ ಧೂಳು ಒರೆಸುವ ಮಾಸ್ತರ. ಧಾರವಾಡದ ಶಿಲೆಗಳ ಹೆಸರು ಜಗತ್ತಿನ ಪುಸ್ತಕಗಳಲ್ಲೆಲ್ಲ ಇದೆ. ಊರಿನದಾಯಿತು, ಊರಲ್ಲೇ ಉಳಿದವನದು ಎಲ್ಲೂ ಇಲ್ಲ.

ಭೂಮಿ ಯಾವಾಗ ಆಯಸ್ಕಾಂತವಾಯಿತು ಎಂದು ಅವನು ಹುಡುಕುತ್ತಿದ್ದ. ಕರಗಿದ ಶಿಲೆ ಆರುವಾಗ ಒಳಗಿನ ಕಬ್ಬಿಣದ ಕಣಗಳು ಅಂದಿನ ಉತ್ತರ ದಕ್ಷಿಣವನ್ನು ಹಿಡಿದು ಹಾಗೆಯೇ ಗಟ್ಟಿಯಾಗುತ್ತವೆ. ನೂರಾರು ಕೋಟಿ ವರ್ಷದ ಕಲ್ಲಾದರೂ ಅದನ್ನು ಮರೆಯುವುದಿಲ್ಲ. ಆದರೆ ತುಂಡನ್ನು ಕೀಳುವ ಮೊದಲೇ ಅದು ಯಾವ ದಿಕ್ಕಿಗಿತ್ತೆಂದು ಅದರ ಮೇಲೆ ಗುರುತು ಹಾಕಬೇಕು. ತಪ್ಪಿದರೆ ಬೆಳ್ಳುಳ್ಳಿ ಜಜ್ಜಲಿಕ್ಕೆ ಆದೀತು, ಅಷ್ಟೇ.

ಮುಗದ ಊರಿನ ಹೊಲವೊಂದರ ಅಂಚಿನ ಕರಿಕಲ್ಲನ್ನು ಕಂಡುಹಿಡಿದವನು ನಾನು. “ಕಲ್ಲು ನಿಂದು, ಗುರುತೂ ನೀನ ಹಾಕು. ಲೇಖನದಾಗ ನನ್ನ ಹೆಸರಿನ ಬಾಜೂ ನಿನ್ನ ಹೆಸರು,” ಎಂದಿದ್ದ ಗೆಳೆಯ. ಆ ಒಂದು ಮಾತಿಗಾಗಿ ಅವನನ್ನು ಮನೆಯಲ್ಲಿ ಇಳಿಸಿಕೊಂಡೆ.

ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಅವತ್ತು ಮುಂಜಾನೆ ಬಿಸಿ ರೊಟ್ಟಿ ಮುರಿಯುತ್ತ ಅವನು ನನ್ನ ಹೆಂಡತಿಗೆ, “ವೈನಿ, ಇಂಥಾ ರೊಟ್ಟಿ ತಿಂದು ಎಷ್ಟ ವರ್ಷಾತ್ರಿ!” ಎಂದ.

“ಇವರು ಒಂದಿನಾನೂ ಹಂಗ ಅಂದಿಲ್ಲ ನೋಡ್ರಿ.”

“ಅವಗ ಕಲ್ಲಿನ ರುಚಿ ಅಷ್ಟ ಗೊತ್ರಿ.”

ಇಬ್ಬರೂ ನಕ್ಕರು. ಬೆಣ್ಣೆಯ ಇನ್ನೊಂದು ಉಂಡೆ ಅವನ ತಾಟಿಗೆ ಬಿತ್ತು. ನನ್ನ ಪಾಲಿಗೆ ಬಂದದ್ದು ಒಂದು ಸೂಚನೆ: “ಪಟ್ಟಿ ಬಿಚ್ಚಬ್ಯಾಡ್ರಿ, ಸೊಂಟ ಹಿಡಿತೈತಿ.”

ಮಳೆ ಬರಲಿಲ್ಲ. ಯಂತ್ರ ಮೊದಲ ಎಳೆತಕ್ಕೇ ಗುಡುಗಿತು. ಯಜಮಾನರು ನಾಯಿಯನ್ನು ಕಟ್ಟಿ, ಚಹಾ ತರಿಸಿ, “ಕಲ್ಲಿನ ರಕ್ತ ತಪಾಸಣಿ ಏನ್ರಿ ಇದು?” ಎಂದು ಕೇಳಿ, ಗೆಳೆಯನಿಗೆ ಕುರ್ಚಿ ಹಾಕಿದರು. ನನಗೆ ಹೊಲದ ಬದು ಇತ್ತಲ್ಲ.

ಯಂತ್ರ ಸುತ್ತಲೂ ಕೊರೆದ ದುಂಡನೆಯ ತುಂಡು ಇನ್ನೂ ಬಂಡೆಯೊಳಗೇ ನಿಂತಿತ್ತು. ನಾನು ಅದಕ್ಕೆ ಮೈಯೊತ್ತಿ ಬಗ್ಗಿ, ದಿಕ್ಸೂಚಿ ಇಟ್ಟು, ತುಂಡಿನ ನೆತ್ತಿಯ ಮೇಲೆ ಉತ್ತರದ ಬಾಣ ಬರೆದೆ. ಅವನು ಕುರ್ಚಿಯಿಂದ ಏಳುವುದರೊಳಗೆ ಕಿತ್ತು ಕೈಯಲ್ಲಿ ಹಿಡಿದೂ ಆಯಿತು. ಸೊಂಟ ಹಿಡಿಯಲಿಲ್ಲ.

ಗೆಳೆಯ ಬಂದು ಬಂಡೆಯ ಮೇಲಿದ್ದ ದಿಕ್ಸೂಚಿಯನ್ನು ನೋಡಿದ, ತನ್ನ ನೆರಳನ್ನು ನೋಡಿದ.

“ಲೇ, ನಿನ್ನ ಉತ್ತರ ಸೂರ್ಯಾ ಹುಟ್ಟೂ ಕಡೆ ಹೊಂಟೈತಲ್ಲೋ.”

“ಕಲ್ಲಿನಾಗ ಆಯಸ್ಕಾಂತ ಜೋರ ಇರಬೇಕು!”

“ಹಂಗಿದ್ರ ಭಾರೀ ಕಲ್ಲು ಬಿಡಪಾ,” ಎಂದ. ಆ ದನಿಯಲ್ಲಿ ಮೊದಲ ಸಲ ಹೊಟ್ಟೆಕಿಚ್ಚಿನ ವಾಸನೆ ಬಂದು ನನಗೆ ಬೆಣ್ಣೆ ತಿಂದಷ್ಟು ಸುಖವಾಯಿತು. “ಸ್ವಲ್ಪ ಆ ಕಡೆ ಸರಿ, ನಾ ನೋಡ್ತೇನಿ.”

ಸರಿದೆ. ಸೂಜಿಯೂ ಸರಿಯಿತು. ಈ ಕಡೆ ಬಂದೆ. ಅದೂ ಬಂತು.

“ಕಲ್ಲಲ್ಲಲೇ, ನೀನ! ನಿನ್ನ ಹೊಟ್ಟಿ ಕಡೆ ತೋರ್ಸಾಕತ್ತೈತಿ. ಏನ ಇಟಗೊಂಡೀ ಹೊಟ್ಟ್ಯಾಗ?”

ಅಂಗಿಯೊಳಗೆ ಕೈ ಹಾಕಿದೆ. ಓಣಿಯ ಹೆಂಗಸರೆಲ್ಲ ಕೊಂಡರೆಂದು ಹೆಂಡತಿಯೂ ಕೊಂಡಿದ್ದ ಸೊಂಟನೋವಿನ ಪಟ್ಟಿ. ಅದರ ಸುತ್ತಲೂ ಆಯಸ್ಕಾಂತದ ಬಿಲ್ಲೆಗಳನ್ನು ಹೊಲಿದಿದ್ದರು.

ಪಟ್ಟಿಯನ್ನು ದೂರದ ಜಾಲಿಯ ಗಿಡಕ್ಕೆ ನೇತುಹಾಕಿದೆವು. ಗೆಳೆಯ ಪಕ್ಕದಲ್ಲೇ ಇನ್ನೊಂದು ತುಂಡು ಕೊರೆದು ಗುರುತನ್ನು ತಾನೇ ಹಾಕಿದ. ಲೇಖನದಲ್ಲಿ ನನ್ನ ಹೆಸರು ಬಂತು, ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಹೊಲದ ಯಜಮಾನರ ನಂತರ. ನಾನು ಕಿತ್ತ ತುಂಡಿನಿಂದ ಹೆಂಡತಿ ಬೆಳ್ಳುಳ್ಳಿ ಜಜ್ಜುತ್ತಾಳೆ.