ಕುಂತು ಮಾಡುವ ಕೆಲಸ

ನಮ್ಮ ತಾಯಿಯವರ ಹೊಟ್ಟೆಯ ಗಾಯಕ್ಕೆ ಸಂಬಂಧಿಸಿದಂತೆ, ನನ್ನ ನೆನಪಿನಲ್ಲಿ ಉಳಿದಿರುವುದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಕನ್ನಡದಲ್ಲಿ ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಇದೇ ಮೊದಲಾದುದರಿಂದ, ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನಾವು ತಮಿಳುನಾಡಿನ ಎಡಪ್ಪಾಡಿಯಲ್ಲಿ ಕೈಮಗ್ಗ ನಡೆಸುವ, ಕನ್ನಡ ಮನೆಮಾತಿನ ಮನೆತನದವರು. ಮಗ್ಗದ ಕುಣಿ ನಡುಮನೆಯಲ್ಲಿಯೇ ಇದೆ. ನೇಯುವವರು ಅದರ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ತುಳಿಮಣೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಆದರೂ ನಮ್ಮವರು ನೇಯ್ಗೆಯನ್ನು ‘ಕುಂತು ಮಾಡೋ ಕೆಲ್ಸ’ ಎಂದೇ ಕರೆಯುತ್ತಾರೆ. ಹೊಲಕ್ಕೆ ಹೋಗುವ ಹೆಂಗಸರನ್ನು ಕಂಡಾಗ ತಾಯಿಯವರು, “ನಂಗೇನವ್ವ, ನೆಳ್ಳಲ್ಲಿ ಕುಂತಿರೋಳು” ಎಂದು ನಗುತ್ತಿದ್ದರು.

ಸೇಲಂನ ಆಸ್ಪತ್ರೆಯೊಂದರಲ್ಲಿ ಅವರ ಗರ್ಭಕೋಶವನ್ನು ತೆಗೆಯಲಾಯಿತು. ಮನೆಗೆ ಕಳುಹಿಸುವಾಗ ವೈದ್ಯರು ಭಾರ ಎತ್ತಬಾರದೆಂದು ಸೂಚಿಸಿ, ಏನು ಕೆಲಸ ಮಾಡುತ್ತೀರೆಂದು ತಮಿಳಿನಲ್ಲಿ ವಿಚಾರಿಸಿದರು.

“ಉಕ್ಕಾಂದು ಸೆಯ್ಯುರ ವೇಲೈದಾನ್ ಸಾರ್,” ಎಂದರು ತಾಯಿಯವರು. ಕುಳಿತು ಮಾಡುವ ಕೆಲಸವೇ, ಎಂದು.

ಹಾಗಾದರೆ ಹೊಲಿಗೆ ಬಿಚ್ಚಿದ ಮೇಲೆ ಮಾಡಬಹುದೆಂದು ವೈದ್ಯರು ಅನುಮತಿ ನೀಡಿದರು. ಅವರು ಅಂಗಡಿಯ ಗಲ್ಲಾದಂಥದ್ದೇನನ್ನೋ ಊಹಿಸಿರಬೇಕು. ಸುಳ್ಳನ್ನಂತೂ ಯಾರೂ ಹೇಳಿರಲಿಲ್ಲ.

ಮಗ್ಗದ ಮೇಲೆ ತಂಗಿಯ ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು. ನಡುವೆ ಬೇರೊಬ್ಬರ ಕೈ ತಗುಲಿದರೆ ಎಳೆ ಬಿಗಿಯುವ ಹೊಡೆತ ಬದಲಾಗಿ ಸೀರೆಗೆ ಅಡ್ಡಗೆರೆ ಬೀಳುತ್ತದೆ. ಆದುದರಿಂದ ಹೊಲಿಗೆ ಬಿಚ್ಚಿಸಿಕೊಂಡು ಬಂದ ಮಾರನೆಯ ದಿನವೇ ಅವರು ಕುಣಿಗೆ ಕಾಲು ಇಳಿಸಿದರು.

“ಇನ್ನೊಂಚೂರು ದಿನ ಓಗ್ಲಿ ಬುಡವ್ವ,” ಎಂದಳು ತಂಗಿ.

“ಡಾಕ್ಟ್ರೇ ಸರಿ ಅಂದವ್ರೆ. ನೀನೇನ್ಲೇ ಅವ್ರಿಗಿಂತ ದೊಡ್ಡ ಡಾಕ್ಟ್ರಾ? ಓಗು, ನೂಲು ಸುತ್ತು.”

ಮಧ್ಯಾಹ್ನದ ಹೊತ್ತಿಗೆ ಮಗ್ಗದ ಸದ್ದು ನಿಂತಿತು. ನಾನು ಹೋಗಿ ನೋಡಲಾಗಿ, ಅವರು ಹೊಟ್ಟೆಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಿದ್ದರು. ಬೆರಳುಗಳ ಸಂದಿನಿಂದ ತೆಳುವಾದ ಕೆಂಪು ನೀರು ಇಳಿಯುತ್ತಿತ್ತು.

“ಸೀರೆ ಮ್ಯಾಲೆ ಬಿತ್ತಾ ನೋಡ್ಲೇ,” ಎಂದು ಮೊದಲು ಕೇಳಿದರು.

ಗಾಯದಲ್ಲಿ ಕೀವಿದ್ದ ಕಾರಣ ಆಸ್ಪತ್ರೆಯವರು ಮತ್ತೆ ಹೊಲಿಯಲಿಲ್ಲ. ತೆರೆದೇ ಬಿಟ್ಟು, ಒಳಗಿನಿಂದ ತಾನಾಗಿ ತುಂಬಿಕೊಳ್ಳಬೇಕೆಂದು ತಿಳಿಸಿ, ದಿನವೂ ಬಟ್ಟೆ ತುರುಕಿ ಕಟ್ಟುತ್ತಿದ್ದರು. ತಾಯಿಯವರಿಗೆ ನೋವಿಗಿಂತಲೂ ಇದನ್ನೇ ತಾಳಲಾಗಲಿಲ್ಲ.

“ಕಿತ್ತೋದ ಎಳೇನ ಗಂಟಾಕ್ದೆ ಯಾರಾನ ಅಂಗೇ ಬುಡ್ತಾರಾ? ಒಲಿಯಕ್ಕೇಳ್ಲೇ ಅವ್ರಿಗೆ,” ಎಂದು ನನ್ನ ಕೈ ಹಿಡಿದು ಬೇಡಿಕೊಂಡರು.

ಗಾಯ ಹೇಗೆ ಬಿಚ್ಚಿಕೊಂಡಿತೆಂದು, ಮನೆಗೆ ಕಳುಹಿಸಿದ ದಿನ ವೈದ್ಯರ ಪಕ್ಕದಲ್ಲಿದ್ದ ನರ್ಸಮ್ಮ ಕೇಳಿದರು. ನಾನು ಸ್ಟೂಲಿನ ಮೇಲೆ ಕುಳಿತು, ಮಗ್ಗ ತುಳಿಯುವಂತೆ ಕಾಲಾಡಿಸಿ ತೋರಿಸಿದೆನು.

“ಇದುವಾ ಉಕ್ಕಾಂದು ಸೆಯ್ಯುರ ವೇಲೈ?” ಎಂದರು ಅವರು. ಇದಾ ಕೂತು ಮಾಡುವ ಕೆಲಸ, ಎಂಬ ಆ ಮಾತಿಗೆ ತಾಯಿಯವರು ಗೋಡೆಯ ಕಡೆಗೆ ಮುಖ ತಿರುಗಿಸಿದರು.

ತಿಂಗಳುಗಳ ನಂತರ ಗಾಯ ತುಂಬಿತು. ಆದರೆ ಹೊಟ್ಟೆಯ ಗೋಡೆ ಸಡಿಲವಾಗಿರುವುದರಿಂದ ಇನ್ನು ಮಗ್ಗ ತುಳಿಯಲೇಬಾರದೆಂದು ವೈದ್ಯರು ಖಚಿತಪಡಿಸಿದರು. ಸೀರೆಯನ್ನು ತಂಗಿಯೇ ಮುಗಿಸಿದಳು. ಅಡ್ಡಗೆರೆ ಬಿದ್ದಿತು, ಅದನ್ನೇ ಉಟ್ಟು ಮದುವೆಯಾದಳು.

ತಾಯಿಯವರು ಈಗಲೂ ಬೆಳಿಗ್ಗೆ ಕುಣಿಯ ಅಂಚಿಗೆ ಬರುತ್ತಾರೆ. ಕಾಲುಗಳನ್ನು ಒಳಗೆ ಇಳಿಸದೆ, ಮಡಿಸಿಕೊಂಡಿರುತ್ತಾರೆ. ಮೊನ್ನೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು, “ಏನ್ ಮಾಡ್ತಾ ಇದ್ದೀಯಕ್ಕ?” ಎಂದು ಕೇಳಿದರು.

“ಕುಂತಿವ್ನಿ,” ಎಂದರು.