ಮೇಲಿನ ಮನೆಯವರು ಹೆಣೆದ ಶಾಲು

ಕಳೆದ ಡಿಸೆಂಬರಿನಲ್ಲಿ ಸಾರಕ್ಕಿ ಮಾರ್ಕೆಟ್ಟಿನ ಮೂಲೆಯಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು. ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಉಳಿದವರು ಮೂಗು ಮುಚ್ಚಿಕೊಂಡು ಹೋದರು. ನಾನು ಸೊಪ್ಪಿನ ಚೀಲ ಹಿಡಿದು ನಿಂತೇಬಿಟ್ಟೆ... ಜಯನಗರದ ನಮ್ಮ ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಆಂಟಿ ನೆನಪಾದರು.

ಧಾರವಾಡದ ಕಡೆಯವರು. ಗಂಡನಿಗೆ ಇಲ್ಲಿಗೆ ವರ್ಗವಾಗಿ, ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದಿದ್ದರು. ನಮ್ಮಜ್ಜಿಗೆ ಮಡಿಯ ಹುಚ್ಚು. ಅವರು ಬೇರೆ ಜನವೆಂದು, ಮೇಲಿನಿಂದ ಬಂದ ಹೋಳಿಗೆಯನ್ನು ಬಾಗಿಲಲ್ಲೇ ನಗುನಗುತ್ತಾ ತೆಗೆದುಕೊಂಡು, ಅವರು ಮೆಟ್ಟಿಲು ಹತ್ತಿದ ಕೂಡಲೇ ಕೆಲಸದವಳ ಕೈಗೆ ಹಾಕುತ್ತಿದ್ದಳು. ಆಂಟಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಹಬ್ಬಕ್ಕೆ ಮತ್ತೆ ಬಟ್ಟಲು ಹಿಡಿದು ಬರುತ್ತಿದ್ದರು. ತನ್ನ ಕೈಯದು ಒಂದಾದರೂ ಈ ಮನೆಯಲ್ಲಿ ಸಲ್ಲಬೇಕೆಂಬ ಹಟ, ಪಾಪ.

ದಾರಿ ತೋರಿಸಿದವಳೂ ಅಜ್ಜಿಯೇ. ದಸರೆಯ ಹೊತ್ತಿಗೆ ಒಂದು ದಿನ, ಪ್ರತಿ ಧನುರ್ಮಾಸದಲ್ಲೂ ಬೆಳಕು ಹರಿಯುವ ಮುಂಚೆ ಪೂಜೆಗೆ ಕೂತು ಗಡಗಡ ನಡುಗುತ್ತೇನೆ, ನೂಲಿನ ಸ್ವೆಟರು ಹಾಕೋಣವೆಂದರೆ ಮೈಲಿಗೆ, ಕಂಬಳಿ ಹೊದ್ದರೆ ಚುಚ್ಚುತ್ತದೆ ಎಂದು ಗೊಣಗುತ್ತಾ, "ಉಣ್ಣೆಗೂ ರೇಷ್ಮೆಗೂ ಮಾತ್ರ ಮೈಲಿಗೆ ಇಲ್ಲಮ್ಮ, ಯಾರು ಮುಟ್ಟಿದ್ರೂ ಮಡೀನೇ" ಅಂದಳು. ಆಂಟಿಯ ಕಣ್ಣು ಅರಳಿತು. ಮಾರನೇ ದಿನವೇ ಫೋರ್ತ್ ಬ್ಲಾಕಿಗೆ ಹೋಗಿ ಇಟ್ಟಿಗೆ ಬಣ್ಣದ ಉಲ್ಲನ್ ತಂದರು.

ದಸರೆಯಿಂದ ಡಿಸೆಂಬರಿನವರೆಗೂ ಹೆಣೆದರು. ಎರಡೆಳೆ ಸೇರಿಸಿ, ದಪ್ಪ ಕಡ್ಡಿಯಲ್ಲಿ, ಮಧ್ಯಾಹ್ನವೆಲ್ಲ ಮೆಟ್ಟಿಲ ಮೇಲೆ ಕೂತು. ಎಲ್ಲೋ ಒಂದು ಕುಣಿಕೆ ತಪ್ಪಿದ್ದು ಕಂಡರೆ ನಾಲ್ಕು ಸಾಲು ಬಿಚ್ಚಿ ಮತ್ತೆ ಹಾಕೋರು. ಶಾಲು ಮುಗಿದಾಗ ಕಂಬಳಿಯಷ್ಟು ದಪ್ಪ, ಬೆಕ್ಕಿನ ಮರಿಯಷ್ಟು ಮೆತ್ತಗೆ. ಅಜ್ಜಿ ಹೊದ್ದಳು. ಹತ್ತು ದಿನ ಅದನ್ನೇ ಹೊದ್ದು ಪೂಜೆ ಮಾಡಿದಳು. ಆಂಟಿಯನ್ನು ನಡುಮನೆಗೆ ಕರೆದು ಕೂರಿಸಿದಳು ಕೂಡ! ಎರಡು ವರ್ಷದಲ್ಲಿ ಅದೇ ಮೊದಲು.

ಹನ್ನೊಂದನೇ ದಿನ ನಾನಿದ್ದೆನಲ್ಲ, ಮನೆಹಾಳಿ. ಹೋಂ ಸೈನ್ಸ್ ಎರಡನೇ ವರ್ಷ. ಎಳೆ ಸುಟ್ಟು ಬಟ್ಟೆ ಯಾವುದೆಂದು ಪತ್ತೆ ಹಚ್ಚುವುದನ್ನು ಆಗಷ್ಟೇ ಕಲಿತಿದ್ದೆ. ಜೊತೆಗೆ ಹೊಟ್ಟೆಕಿಚ್ಚು. ಅಜ್ಜಿ ಆಂಟಿಯ ಎದುರಿಗೇ "ಈ ಹುಡುಗೀಗಿರೋ ಅಕ್ಕರೆ ನಿನಗೆಲ್ಲೇ ಬರತ್ತೆ?" ಎಂದು ನನ್ನನ್ನು ಚುಚ್ಚಿದ್ದಳು. ಆಂಟಿ ನಡುಮನೆಯಲ್ಲಿ ಕೂತಿರುವಾಗಲೇ ಕತ್ತರಿ ತಂದೆ. ಶಾಲಿನ ಕುಚ್ಚಿನಿಂದ ಒಂದೆಳೆ ಕತ್ತರಿಸಿ ಕಡ್ಡಿ ಗೀರಿದೆ. ನಿಜವಾದ ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಕರಗಿ, ಗಬ್ಬು ನಾತ ಹೊಡೆದು, ಕರೀ ಮಣಿಯಾಗಿ ಗಟ್ಟಿಯಾಯಿತು.

"ಅಜ್ಜೀ, ಇದು ಕುರಿ ಅಲ್ಲ, ಪ್ಲಾಸ್ಟಿಕ್ ಬಕೆಟ್ಟು!" ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಜ್ಜಿ ಶಾಲನ್ನು ಕೊಡವಿ ಎಸೆದಳು. "ಇಷ್ಟು ದಿನದ ಪೂಜೆ ಎಲ್ಲಾ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲೇ! ಏಳಮ್ಮ ನೀನು, ಮೊದಲು ಆಚೆ ನಡಿ."

ಆಂಟಿ ಎದ್ದು ನಿಂತರು. "ಕಂಬಳಿ ಚುಚ್ಚತೈತಿ ಅಂತ ಮೆತ್ತಂದ ನೋಡಿ ತಂದೆನ್ರೀ... ಅಂಗಡ್ಯಾಗ ಎಲ್ಲಾರೂ ಇದನ್ನ ಉಲ್ಲನ್ ಅಂತಾರ್ರೀ..." ಅವರ ಮಾತು ಮುಗಿಯುವ ಮುಂಚೆಯೇ ಅಜ್ಜಿ ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋಗಿದ್ದಳು.

ವಾಪಸು ಕೊಟ್ಟಿದ್ದರೂ ಆಗುತ್ತಿತ್ತು. ಇಲ್ಲ, ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಮುಂಬಾಗಿಲಿಗೆ ಕಾಲೊರೆಸಲು ಹಾಕಿದಳು. ಮೇಲಿನವರು ಗೇಟಿಗೆ ಹೋಗಬೇಕಾದರೆ ಅದರ ಪಕ್ಕದಲ್ಲೇ ಹಾಯಬೇಕು. ಆ ಚಳಿಗಾಲ ಪೂರ್ತಿ ನಾನೂ ಅದರ ಮೇಲೆ ಕಾಲೊರೆಸಿದೆ. ತೆಗೆದು ಒಳಗಿಡಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ಎಂಥಾ ಕಲ್ಲು ಮನಸ್ಸು ನನ್ನದು!

ಯುಗಾದಿಗೆ ಮುಂಚೆ ಅವರು ಮನೆ ಖಾಲಿ ಮಾಡಿದರು. ಕೀಲಿಕೈ ಕೊಡಲು ಬಂದವರು ನನ್ನ ಕೈಗೇ ಕೊಟ್ಟು, ಮೆಲ್ಲಗೆ ಹೇಳಿದರು. "ನೀ ಖರೇನ ಹೇಳೀದಿ, ಅದ್ರಾಗ ತಪ್ಪಿಲ್ಲ. ಆದ್ರ ನೀ ನಗಬಾರದಿತ್ತವಾ."

ಅಂದು ಮಾರ್ಕೆಟ್ಟಿನಿಂದ ಬಂದವಳೇ ಅಪ್ಪನ ಹಳೇ ಡೈರಿ ಹುಡುಕಿದೆ. ಅವರಿವರನ್ನು ಕೇಳಿ, ಕೊನೆಗೆ ಹೋದ ಭಾನುವಾರ ಅರೆಕೆರೆಯ ಅವರ ಮಗಳ ಮನೆಗೆ ಹೋದೆ. ಆಂಟಿಯ ಕೈ ಹಿಡಿದು ತಪ್ಪಾಯಿತು ಅನ್ನಬೇಕಿತ್ತು, ಅಷ್ಟೇ. ಆಂಟಿ ಹೋಗಿ ಎರಡು ವರ್ಷವಾಗಿತ್ತು...

ನಾನು ಯಾರೆಂದು ಹೇಳಿದ್ದೇ ತಡ, ಮಗಳು ನನ್ನ ಪಕ್ಕದಲ್ಲೇ ಬಂದು ಕೂತಳು. "ಅಯ್ಯೋ, ಜಯನಗರದ ಅಜ್ಜಿ ಮನೆಯವ್ರಾ! ಅಮ್ಮ ಎಲ್ರ ಹತ್ರಾನೂ ಹೇಳೋರು, ಅಷ್ಟು ಮಡಿ ಅಜ್ಜಿ ನಾನು ಹೆಣೆದ ಶಾಲು ಹೊದ್ಕೊಂಡೇ ಪೂಜೆಗೆ ಕೂರ್ತಿದ್ರು ಅಂತ. ಅಮ್ಮ ಹೆಣೆದಿದ್ದೆಲ್ಲಾ ಹಂಚ್ಬಿಟ್ರು, ನನ್ನ ಹತ್ರ ಒಂದೂ ಇಲ್ಲ. ಆ ಶಾಲು ಇನ್ನೂ ಇದ್ಯಾ ಆಂಟಿ? ಒಂದ್ಸಲ ಮುಟ್ಟಿ ನೋಡ್ತೀನಿ."

"ಅಜ್ಜಿ ಹೋದಾಗ ಅವಳಿಗೇ ಹೊದಿಸಿ ಕಳಿಸಿದ್ವಮ್ಮ" ಅಂದೆ.

ಅವಳ ಕಣ್ಣು ತುಂಬಿತು. "ಅಮ್ಮಂಗೆ ಇದೊಂದು ಗೊತ್ತಾಗಿದ್ದಿದ್ರೆ ಎಷ್ಟು ಖುಷಿ ಪಡೋರು" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅವಳು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.