ಹಾಡಿಲ್ಲದ ಕ್ಯಾಸೆಟ್

ನರಗುಂದದ ನಮ್ಮ ಶಾಲೆಯ ಡಾನ್ಸ್ ಟೀಚರ್ ಕಣ್ಣು ಮುಚ್ಚಿ ಕೇಳುತ್ತಲೇ ಸಂಗೀತ ಆರಿಸುತ್ತಿದ್ದರು. ಅವರ ಮುಂಗೈ ತಾನಾಗಿ ತೇಲಿದರೆ ಆ ಕ್ಯಾಸೆಟ್ ನಮಗೆ, ತಡವರಿಸಿದರೆ ಹೊರಗೆ. ಕೊನೆಗೆ ಉಳಿದದ್ದು ಆಗಿನ ಕಾಲದವರೇ ಪಾಶ್ಚಾತ್ಯ ಶಾಸ್ತ್ರೀಯ ಧಾಟಿಯಲ್ಲಿ ಕಟ್ಟಿದ, ಮಾತಿಲ್ಲದ ಪಿಯಾನೋ ಸಂಗೀತ. ಹೆಜ್ಜೆ ಕಲಿಸಲೇ ಇಲ್ಲ. "ಎಣಸಬ್ಯಾಡ್ರಿ, ಕೇಳ್ರಿ" ಎನ್ನುತ್ತಿದ್ದರು, ಅಷ್ಟೇ.

ಗ್ಯಾದರಿಂಗ್ ದಿನ, ಅಂದರೆ ಶಾಲೆಯ ವಾರ್ಷಿಕೋತ್ಸವದಂದು, ನಾವು ವೇದಿಕೆಯ ಮೇಲೆ ಕೈ ಎತ್ತಿ ನಿಂತಿದ್ದೆವು. ಪಿಯಾನೋ ಶುರುವಾಯಿತು. ಹಾಡುವ ದನಿ ಕೇಳದೆ, ಹಾಡು ಇನ್ನೂ ಬಂದಿಲ್ಲವೆಂದುಕೊಂಡ ಮೈಕ್‌ಸೆಟ್ಟಿನವನು ಕ್ಯಾಸೆಟ್ಟನ್ನು ಮುಂದೆ ಮುಂದೆ ಓಡಿಸಿದ. ಹೆಡ್‌ಮಾಸ್ತರರು ನಕ್ಕರು. "ಅದರಾಗ ಹಾಡ ಇಲ್ಲೋ, ಸಿನಿಮಾದ್ದು ಹಾಕು."

ಆ ನಗು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಟೀಚರ್ ಹೋಗಿ ಮೈಕ್‌ಸೆಟ್ಟಿನ ವೈರ್ ಕಿತ್ತರು. ನಮ್ಮತ್ತ ತಿರುಗಿ ಮುಂಗೈ ತೇಲಿಸಿದರು. ಕಿವಿಯೊಳಗೆ ಉಳಿದಿದ್ದಕ್ಕೇ ನಾವು ಕುಣಿದೆವು.

"ಹಾಡ ಇಲ್ದನ ಚಲೋ ಕುಣಿಸಿದ್ರಿ ಬಿಡ್ರಿ" ಎಂದರು ಹೆಡ್‌ಮಾಸ್ತರರು.

"ಸಂಗೀತ ಇತ್ರಿ ಸರ್. ನೀವು ಕೇಳ್ಲಿಲ್ಲ."